ದರಗಿನ ಮೇಲಿನ ಪಚ್ಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಪಚ್ಚೆ ಬೆಳವದ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ದರಗಿನ ಮೇಲೆ, ಅಂದರೆ ನೆಲಕ್ಕೆ ಉದುರಿದ ಒಣಗಿದೆಲೆಗಳ ಮೇಲೆ, ನಡೆದಾಡಿಕೊಂಡು ಬದುಕುವ, ರೆಕ್ಕೆ ಮಾತ್ರ ಹಸಿರಾಗಿರುವ ಪುಟ್ಟ ಪಾರಿವಾಳ ಜಾತಿಯ ಹಕ್ಕಿಯೊಂದಿದೆ, ಕಂಡವರು ತಿಳಿಸಿ ಎಂದು ಕೇಳಿದ್ದೆ. ಆ ನಾಲ್ಕು ಸಾಲಿಗೆ ಇಷ್ಟು ಪತ್ರಗಳು ಬರುತ್ತವೆಂದು ಭಾವಿಸಿರಲಿಲ್ಲ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ಒಂದು ಹಕ್ಕಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಬೆಳಿಗ್ಗೆ ತೋಟಕ್ಕೆ ಹೋಗುವಾಗ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಕಾಲುದಾರಿಯಲ್ಲಿ ಜೋಡಿ ಹಕ್ಕಿಗಳು ನೆಲ ಕುಕ್ಕುತ್ತಿರುತ್ತವೆ. ಹತ್ತಿರ ಹೋದರೆ ಮೊದಲು ನಡೆದುಕೊಂಡೇ ಪೊದೆಯೊಳಗೆ ಸರಿಯುತ್ತವೆ, ಇನ್ನೂ ಹತ್ತಿರವಾದರೆ ಸೊಂಟದೆತ್ತರದಲ್ಲಿ ಮರಗಳ ನಡುವೆ ನುಸುಳಿ ಮಾಯವಾಗುತ್ತವೆ. ಬೆನ್ನು ಹಸಿರು. ಇದು ಹಸಿರು ಪಾರಿವಾಳವೇ, ನೀವು ಹೇಳಿದ ಪಚ್ಚೆ ಬೆಳವವೇ? (ಸಿದ್ದಾಪುರ, ಉತ್ತರ ಕನ್ನಡ)

ಉತ್ತರ: ಇದು ಪಚ್ಚೆ ಬೆಳವವೇ. ಬಣ್ಣಕ್ಕಿಂತ ಹೆಚ್ಚಾಗಿ ನೀವು ವಿವರಿಸಿದ ನಡವಳಿಕೆಯಿಂದಲೇ ಅದನ್ನು ಹೇಳಬಹುದು. ಹಸಿರು ಪಾರಿವಾಳಗಳು ಆಲ, ಅತ್ತಿ, ಬಸರಿ ಮರಗಳ ನೆತ್ತಿಯಲ್ಲಿ ಗುಂಪುಗುಂಪಾಗಿ ಹಣ್ಣು ತಿನ್ನುತ್ತಾ ಕಾಲ ಕಳೆಯುವ ಹಕ್ಕಿಗಳು. ಅವು ನೆಲಕ್ಕೆ ಇಳಿಯುವುದೇ ಅಪರೂಪ. ಪಚ್ಚೆ ಬೆಳವದ ರೀತಿ ಇದಕ್ಕೆ ತದ್ವಿರುದ್ಧ. ರಾತ್ರಿ ಕೂರಲು, ಕೂಗಲು ಮತ್ತು ಗೂಡು ಕಟ್ಟಲು ಮಾತ್ರ ಅದಕ್ಕೆ ಮರ ಬೇಕು. ಉಳಿದ ಹೊತ್ತೆಲ್ಲ ಅದು ನೆಲದ ಮೇಲೆಯೇ ಇರುತ್ತದೆ. ಒಂಟಿಯಾಗಿ ಅಥವಾ ಜೋಡಿಯಾಗಿ ಕಾಣಿಸುತ್ತದೆಯೇ ಹೊರತು ದೊಡ್ಡ ಹಿಂಡು ಕಟ್ಟುವುದಿಲ್ಲ.

ಮುಂದಿನ ಸಲ ಕಂಡಾಗ ಈ ಗುರುತುಗಳನ್ನು ನೋಡಿ. ಗಾತ್ರ ಸುಮಾರು 25 ಸೆಂಟಿಮೀಟರ್, ಅಂದರೆ ಊರ ಪಾರಿವಾಳಕ್ಕಿಂತ ಚಿಕ್ಕದು, ಬಾಲ ಮೋಟು. ಹಸಿರು ಇರುವುದು ರೆಕ್ಕೆಯಲ್ಲಿ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಮಾತ್ರ. ತಲೆಯ ಬದಿ, ಕುತ್ತಿಗೆ, ಎದೆ, ಹೊಟ್ಟೆಗಳು ನೇರಳೆ ಹಣ್ಣಿನ ರಸಕ್ಕೆ ಹಾಲು ಬೆರೆಸಿದಂತಹ ಕೆಂಗಂದು ಬಣ್ಣದವು. ಕೊಕ್ಕು ಹವಳದ ಕೆಂಪು, ಕಾಲೂ ಕೆಂಪೇ. ಗಂಡಿನ ನೆತ್ತಿ ಬೂದು, ಹಣೆ ಮತ್ತು ಹುಬ್ಬು ಬಿಳಿ, ರೆಕ್ಕೆಯ ಹೆಗಲಿನಲ್ಲಿ ಒಂದು ಬಿಳಿ ಪಟ್ಟೆ. ಹೆಣ್ಣಿನಲ್ಲಿ ಈ ಬೂದು ಬಿಳಿಗಳೆಲ್ಲ ಮಾಸಿ, ಒಟ್ಟಾರೆ ಕಂದು ಹೆಚ್ಚು. ಹಾರಿದಾಗ ಸೊಂಟದ ಮೇಲೆ ಎರಡು ಬಿಳಿಚಾದ ಅಡ್ಡಪಟ್ಟಿಗಳು ಮಿಂಚುತ್ತವೆ, ರೆಕ್ಕೆಯ ಅಡಿಭಾಗದ ಇಟ್ಟಿಗೆಗೆಂಪು ಒಂದು ಕ್ಷಣ ತೋರಿ ಮರೆಯಾಗುತ್ತದೆ. ನೀವು ಹೇಳಿದ ಸೊಂಟದೆತ್ತರದ ಹಾರಾಟದಲ್ಲಿ ಸಾಮಾನ್ಯವಾಗಿ ನಮಗೆ ದಕ್ಕುವುದು ಇಷ್ಟೇ.

ಹೆಸರಿನ ಬಗ್ಗೆ ಒಂದು ಮಾತು. ಬೆಳವ, ಚೋರೆಹಕ್ಕಿ, ಕಪೋತ ಎಂಬ ಪದಗಳನ್ನು ನಮ್ಮಲ್ಲಿ ಊರಿಗೊಂದು ರೀತಿಯಲ್ಲಿ ಬಳಸುತ್ತಾರೆ, ಅವುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎನ್ನಲು ನಾನು ಸಿದ್ಧನಿಲ್ಲ. ಇಂಗ್ಲಿಷಿನಲ್ಲಿ ಎಮರಾಲ್ಡ್ ಡವ್ ಎನ್ನುವ ಈ ಹಕ್ಕಿಯನ್ನು ಈ ಅಂಕಣದ ಮಟ್ಟಿಗೆ ಪಚ್ಚೆ ಬೆಳವ ಎಂದು ಕರೆಯುತ್ತಿದ್ದೇನೆ. ವೈಜ್ಞಾನಿಕ ಹೆಸರು ಚಾಲ್ಕೊಫ್ಯಾಪ್ಸ್ ಇಂಡಿಕಾ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಇದನ್ನು ವಿವರಿಸಿದ್ದಾನೆ. ಮೊದಲ ಪದಕ್ಕೆ ಗ್ರೀಕಿನಲ್ಲಿ ಕಂಚಿನ ಪಾರಿವಾಳ ಎಂಬ ಅರ್ಥವಿದೆ, ಎರಡನೆಯದು ನಮ್ಮ ದೇಶದ ಹೆಸರು.

ಪ್ರಶ್ನೆ: ನೆಲದ ಮೇಲೆ ಬದುಕುವ ಹಕ್ಕಿ ಒಣಗಿದೆಲೆಯ ಬಣ್ಣಕ್ಕಿದ್ದರೆ ಅರ್ಥವಾಗುತ್ತದೆ. ಪಚ್ಚೆ ಹಸಿರು ಹೊತ್ತುಕೊಂಡು ಕಂದು ನೆಲದ ಮೇಲೆ ಓಡಾಡಿದರೆ ಗಿಡುಗನ ಕಣ್ಣಿಗೆ ಬೀಳುವುದಿಲ್ಲವೇ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಇದು. ಪುಸ್ತಕದ ಚಿತ್ರ ನೋಡಿದವರಿಗೆ ಈ ಸಂಶಯ ಬರಲೇಬೇಕು. ಚಿತ್ರದಲ್ಲಿ ಹಕ್ಕಿ ಪೂರ್ಣ ಬೆಳಕಿನಲ್ಲಿರುತ್ತದೆ, ಕಾಡಿನಲ್ಲಿ ಹಾಗಿರುವುದಿಲ್ಲ.

ಈ ಹಸಿರು ಎಲೆಯ ಹಸಿರಿನಂತೆ ಬಣ್ಣದ ದ್ರವ್ಯದಿಂದ ಬಂದದ್ದಲ್ಲ. ಗರಿಯ ಎಳೆಗಳ ಮೇಲಿರುವ ಅತಿ ತೆಳುವಾದ ಪದರ ಮತ್ತು ಅದರಡಿಯ ಕಪ್ಪು ಮೆಲನಿನ್ ಕಣಗಳ ಜೋಡಣೆಯಿಂದ ಬೆಳಕು ಚದುರಿ, ಕೂಡಿ, ಹಸಿರಾಗಿ ನಮ್ಮ ಕಣ್ಣಿಗೆ ಬರುತ್ತದೆ. ಸೋಪಿನ ಗುಳ್ಳೆಯ ಮೇಲೆ, ಮಳೆನೀರಿಗೆ ಬಿದ್ದ ಎಣ್ಣೆಯ ಮೇಲೆ ಕಾಣುವ ಬಣ್ಣಗಳ ಕುಲದ್ದೇ ಇದು. ಆದ್ದರಿಂದ ಬೆಳಕು ಬೀಳುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಇದೇ ರೆಕ್ಕೆ ಒಮ್ಮೆ ಪಚ್ಚೆಯಂತೆ, ಒಮ್ಮೆ ಹಳೆಯ ಕಂಚಿನ ತಂಬಿಗೆಯಂತೆ, ನೆರಳಿನಲ್ಲಿ ಬರಿಯ ಮಂಕು ಕಂದಿನಂತೆ ತೋರುತ್ತದೆ.

ಒಮ್ಮೆ ಆಗುಂಬೆಯ ಕಾಡುದಾರಿಯ ಬದಿಯಲ್ಲಿ ಕುಳಿತಿದ್ದಾಗ ಎಂಟು ಹತ್ತು ಹೆಜ್ಜೆ ದೂರದಲ್ಲಿ ಒಂದು ಗಂಡು ಮೇಯುತ್ತಿತ್ತು. ಕೋಳಿಯಂತೆ ಕಾಲಿನಿಂದ ಕೆದಕುವ ಅಭ್ಯಾಸ ಪಾರಿವಾಳದ ಕುಲಕ್ಕೆ ಇಲ್ಲ. ಅದು ಒಂದೊಂದೇ ಎಲೆಯನ್ನು ಕೊಕ್ಕಿನ ತುದಿಯಿಂದ ಹಿಡಿದು ಪಕ್ಕಕ್ಕೆಸೆದು, ಅಡಿಯಲ್ಲಿದ್ದ ಕಾಳನ್ನು ಹೆಕ್ಕಿ, ಎರಡು ಹೆಜ್ಜೆ ಮುಂದಿಟ್ಟು, ಮತ್ತೊಂದು ಎಲೆ ಎತ್ತುತ್ತಿತ್ತು. ಮರದ ಸಂದಿನಿಂದ ಬಿದ್ದ ಅಂಗೈಯಗಲದ ಬಿಸಿಲಿಗೆ ಬಂದಾಗಲೆಲ್ಲ ಅದರ ಬೆನ್ನು ಹೊತ್ತಿಕೊಂಡಂತೆ ಹೊಳೆಯುತ್ತಿತ್ತು, ಒಂದು ಹೆಜ್ಜೆ ನೆರಳಿಗೆ ಇಟ್ಟಿತೋ, ಅಲ್ಲಿ ಹಕ್ಕಿ ಇದೆ ಎಂದು ಗೊತ್ತಿದ್ದ ನನಗೂ ಕಾಣುತ್ತಿರಲಿಲ್ಲ. ಮಳೆಕಾಡಿನ ನೆಲವೂ ಬರೀ ಕಂದಲ್ಲ. ಒದ್ದೆ ಎಲೆಯ ಹೊಳಪು, ಪಾಚಿ, ಮೊಳಕೆ, ಬಿಸಿಲಿನ ಚುಕ್ಕೆಗಳೆಲ್ಲ ಕಲಸಿದ ನೆಲ ಅದು. ಅಂತಹ ನೆಲದ ಮೇಲೆ ಅರ್ಧ ಹಸಿರು ಅರ್ಧ ಕೆಂಗಂದಿನ ಮೈಯ ಆಕಾರ ಒಡೆದುಹೋಗುತ್ತದೆ, ಮೇಲಿನಿಂದ ನೋಡುವ ಗಿಡುಗನಿಗೂ ಅದನ್ನು ಹಕ್ಕಿಯೆಂದು ಗುರುತಿಸುವುದು ಸುಲಭವಲ್ಲ ಎಂದು ನನ್ನ ಅಭಿಪ್ರಾಯ. ಹೊಳಪಿಗೆ ಹೆಣ್ಣನ್ನು ಒಲಿಸಿಕೊಳ್ಳುವ ಕೆಲಸವೂ ಇರಬಹುದು. ಗಂಡು ತಲೆ ತಗ್ಗಿಸಿ ಎತ್ತಿ ಹೆಣ್ಣಿನ ಮುಂದೆ ಕುಣಿಯುವುದುಂಟು.

ಪ್ರಶ್ನೆ: ನಮ್ಮ ಮನೆಯ ಹಿಂದಿನ ಕಾಡಿನಿಂದ ಮಧ್ಯಾಹ್ನದ ಹೊತ್ತು ಯಾರೋ ನರಳುತ್ತಿರುವಂತೆ ಹೂಂ, ಹೂಂ ಎಂಬ ದನಿ ಬರುತ್ತದೆ. ಚಿಕ್ಕವರಿದ್ದಾಗ ಅಜ್ಜಿ ಇದನ್ನು ಗುಮ್ಮ ಎಂದು ಹೇಳಿ ಹೆದರಿಸುತ್ತಿದ್ದರು. ಹಕ್ಕಿಯದ್ದಿರಬಹುದೇ? (ತೀರ್ಥಹಳ್ಳಿ)

ಉತ್ತರ: ಬಹುಮಟ್ಟಿಗೆ ಪಚ್ಚೆ ಬೆಳವದ್ದೇ ಇರಬೇಕು. ಅದರ ಕೂಗು ಮೂಗಿನಿಂದ ಬಂದಂತಹ, ತಗ್ಗಿದ, ಎಳೆದ ದನಿ. ಮೊದಲ ಒಂದೆರಡು ಹೂಂಕಾರಗಳು ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಶುರುವಾಗಿ, ಆರೇಳು ಬಾರಿ ಒಂದರ ಹಿಂದೊಂದು ಬರುತ್ತಾ ಸ್ವಲ್ಪ ಸ್ವಲ್ಪವೇ ಏರುತ್ತವೆ. ಚೋರೆಹಕ್ಕಿಯ ಗುರುಗುಟ್ಟುವ ಕೂಗಿನಲ್ಲಿರುವ ತುಂಡು ತುಂಡಾದ ಲಯ ಇದರಲ್ಲಿಲ್ಲ.

ಈ ದನಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಹೊರಟವರು ಸೋಲುವುದಕ್ಕೆ ಕಾರಣವಿದೆ. ದಟ್ಟ ಕಾಡಿನಲ್ಲಿ ಕೀಚಲು ದನಿ ಎಲೆ, ಕೊಂಬೆಗಳಿಗೆ ಬಡಿದು ಚದುರಿ ಬೇಗ ಕ್ಷೀಣಿಸುತ್ತದೆ. ತಗ್ಗು ದನಿಯಾದರೋ ಅವುಗಳನ್ನು ಬಳಸಿಕೊಂಡು ದೂರ ಸಾಗುತ್ತದೆ, ಆದರೆ ಅದು ಬಂದ ದಿಕ್ಕನ್ನು ಗುರುತಿಸುವುದು ನಮ್ಮ ಕಿವಿಗೆ ಕಷ್ಟ. ಹಕ್ಕಿಯೂ ಕೂಗುವಾಗ ಎತ್ತರದ ತುದಿಗೆ ಏರದೆ ಎಲೆಗಳ ಮರೆಯ ತಗ್ಗು ಕೊಂಬೆಯ ಮೇಲೆ ಕದಲದೆ ಕೂತಿರುತ್ತದೆ. ಹತ್ತಿರವೇ ಇದ್ದರೂ ದೂರದಲ್ಲಿದ್ದಂತೆ ಕೇಳಿಸುವುದು ಇದರ ವಿಶೇಷ. ನಿಮ್ಮಲ್ಲಿ ಕೇಳುವ ದನಿ ಇರುಳಿನಲ್ಲಿಯೂ ಬರುತ್ತಿದ್ದರೆ ಮಾತ್ರ ಬೇರೆ ಮಾತು, ಆಗ ಗೂಬೆಯ ಜಾತಿಯೊಂದನ್ನು ಹುಡುಕಬೇಕು. ಪಚ್ಚೆ ಬೆಳವ ಹಗಲಿನ ಹಕ್ಕಿ.

ಪ್ರಶ್ನೆ: ಪಾರಿವಾಳಗಳು ಹಣ್ಣು ತಿಂದು ಬೀಜ ಹರಡಿ ಕಾಡು ಬೆಳೆಸುತ್ತವೆ ಎಂದು ಮಕ್ಕಳಿಗೆ ಕಲಿಸುತ್ತೇನೆ. ಈ ಹಕ್ಕಿಗೂ ಇದು ಅನ್ವಯಿಸುತ್ತದೆಯೇ? (ಬೆಂಗಳೂರಿನ ಶಾಲಾ ಶಿಕ್ಷಕರು)

ಉತ್ತರ: ಅಷ್ಟಾಗಿ ಅನ್ವಯಿಸುವುದಿಲ್ಲ, ಮತ್ತು ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸುವುದು ಒಳ್ಳೆಯದು. ನಮ್ಮ ಘಟ್ಟದ ಎತ್ತರದ ಮರಗಳಲ್ಲಿರುವ ದೊಡ್ಡ ಇಂಪೀರಿಯಲ್ ಪಾರಿವಾಳಗಳು ಬಾಯಿಯನ್ನು ಅಗಲವಾಗಿ ಹಿಗ್ಗಿಸಿ ರಾಮಪತ್ರೆಯಂತಹ ದೊಡ್ಡ ಬೀಜವನ್ನೂ ಇಡಿಯಾಗಿ ನುಂಗುತ್ತವೆ. ಮೇಲಿನ ತಿರುಳು ಮಾತ್ರ ಜೀರ್ಣವಾಗಿ ಬೀಜ ಸುರಕ್ಷಿತವಾಗಿ ದೂರದಲ್ಲೆಲ್ಲೋ ಹೊರಬೀಳುತ್ತದೆ. ಮಂಗಟ್ಟೆಯ ಜೊತೆಗೆ ಅವುಗಳನ್ನೂ ಕಾಡಿನ ಬಿತ್ತನೆಗಾರರೆಂದು ಧಾರಾಳವಾಗಿ ಕರೆಯಬಹುದು.

ಪಚ್ಚೆ ಬೆಳವದ ಹೊಟ್ಟೆಯ ರಚನೆಯೇ ಬೇರೆ. ಅದರ ಸ್ನಾಯುಭರಿತ ಜಠರ ಒಂದು ಸಣ್ಣ ಬೀಸುವ ಕಲ್ಲಿದ್ದಂತೆ. ಹಕ್ಕಿ ಆಗಾಗ ನುಂಗುವ ಮರಳು ಹರಳುಗಳು ಅದರೊಳಗೆ ಉಳಿದು, ಗಟ್ಟಿ ಕಾಳುಗಳನ್ನು ಅರೆದು ಹಿಟ್ಟು ಮಾಡುತ್ತವೆ. ಮಣ್ಣುರಸ್ತೆಯ ಅಂಚಿನಲ್ಲಿ ಈ ಹಕ್ಕಿ ಕುಕ್ಕುವುದು ಕಾಳನ್ನಷ್ಟೇ ಅಲ್ಲ, ಹರಳನ್ನೂ ಕೂಡ. ಹೀಗೆ ಅರೆದುಹೋದ ಬೀಜ ಮೊಳೆಯುವ ಪ್ರಶ್ನೆಯೇ ಇಲ್ಲ. ಎಲ್ಲೋ ಅಲ್ಲೊಂದು ಇಲ್ಲೊಂದು ಪಾರಾಗಬಹುದು, ಆದರೂ ಒಟ್ಟಿನಲ್ಲಿ ಇದು ಬೀಜ ಬಿತ್ತುವ ಹಕ್ಕಿಯಲ್ಲ, ಬೀಜ ಉಣ್ಣುವ ಹಕ್ಕಿ. ಮೇಲಿನ ಕೊಂಬೆಗಳಲ್ಲಿ ಮಂಗ, ಮಂಗಟ್ಟೆ, ಹಸಿರು ಪಾರಿವಾಳಗಳು ತಿಂದು ಉದುರಿಸಿದ ಅತ್ತಿಯ ಹಣ್ಣು, ಹುಲ್ಲಿನ ಕಾಳು, ಬಿದಿರು ಹೂಬಿಟ್ಟ ವರ್ಷ ನೆಲ ತುಂಬುವ ಬಿದಿರಕ್ಕಿ, ನಡುನಡುವೆ ಗೆದ್ದಲು ಮತ್ತು ಸಣ್ಣ ಹುಳುಗಳು ಇದರ ಆಹಾರ.

ಹಾಗೆಂದು ಇದನ್ನು ಕಾಡಿನ ನಷ್ಟದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ತಾಯಿಮರದ ಬುಡದಲ್ಲೇ ರಾಶಿ ಬಿದ್ದ ಬೀಜಗಳಲ್ಲಿ ಬಹುಪಾಲು ನೆರಳಿನಲ್ಲಿ, ಶಿಲೀಂಧ್ರಕ್ಕೆ, ಹುಳುವಿಗೆ ಬಲಿಯಾಗಿ ಹೇಗೂ ಸಾಯುವಂಥವು. ಒಂದು ಹಕ್ಕಿ ಬಿತ್ತುತ್ತದೆಯೋ ಇಲ್ಲವೋ ಎಂಬುದರ ಮೇಲೆ ಅದರ ಬೆಲೆ ಕಟ್ಟುವ ರೂಢಿ ಈಚೆಗೆ ಪಾಠಗಳಲ್ಲಿ ಹೆಚ್ಚಾಗಿದೆ, ನನಗೆ ಅದು ಒಪ್ಪಿಗೆಯಿಲ್ಲ.

ಪ್ರಶ್ನೆ: ಕಾಫಿ ತೋಟದಲ್ಲಿ ಆಳೆತ್ತರದ ಗಿಡದ ಮೇಲೆ ಇದರ ಗೂಡು ಸಿಕ್ಕಿತು. ಕೆಳಗಿನಿಂದ ನೋಡಿದರೆ ಕಡ್ಡಿಗಳ ಸಂದಿನಲ್ಲಿ ಮೊಟ್ಟೆ ಕಾಣುತ್ತದೆ! ಇಷ್ಟು ಸೋಮಾರಿತನದ ಗೂಡಿನಲ್ಲಿ ಮರಿ ಉಳಿಯುತ್ತದೆಯೇ? (ಸಕಲೇಶಪುರ)

ಉತ್ತರ: ಉಳಿಯುತ್ತದೆ. ಅಡ್ಡಾದಿಡ್ಡಿ ಇಟ್ಟ ಕಡ್ಡಿಗಳ ತಟ್ಟೆಯಂತಹ ಗೂಡು ಪಾರಿವಾಳದ ಕುಲಕ್ಕೆಲ್ಲ ಸಾಮಾನ್ಯ. ಅದು ಸೋಮಾರಿತನವೆಂದು ನನಗನಿಸುವುದಿಲ್ಲ, ಚಿಕ್ಕ ಗೂಡು ಬೇಗ ಕಟ್ಟಿ ಮುಗಿಯುತ್ತದೆ, ಶತ್ರುವಿನ ಕಣ್ಣಿಗೂ ಸುಲಭಕ್ಕೆ ಬೀಳುವುದಿಲ್ಲ. ಕೆನೆಬಣ್ಣದ ಎರಡು ಮೊಟ್ಟೆ, ಸುಮಾರು ಎರಡು ವಾರದ ಕಾವು, ಮರಿ ಗೂಡು ಬಿಡಲು ಮತ್ತೆ ಸುಮಾರು ಎರಡು ವಾರ. ಮಳೆಗಾಲಕ್ಕೆ ಮೊದಲಿನ ತಿಂಗಳುಗಳಲ್ಲಿ ಗೂಡು ಹೆಚ್ಚು, ಬೇರೆ ಕಾಲದಲ್ಲಿಯೂ ಸಿಗುವುದುಂಟು.

ಮರಿ ಇಷ್ಟು ಬೇಗ ಬೆಳೆಯುವ ಗುಟ್ಟು ಪಾರಿವಾಳದ ಹಾಲಿನಲ್ಲಿದೆ. ಮರಿ ಮೊಟ್ಟೆಯೊಡೆಯುವ ಹೊತ್ತಿಗೆ ತಂದೆ ತಾಯಿ ಇಬ್ಬರ ಗಂಟಲ ಚೀಲದ ಒಳಪದರವೂ ದಪ್ಪವಾಗಿ, ಕಳಚಿ, ಗಿಣ್ಣಿನಂತಹ ಪದಾರ್ಥವಾಗುತ್ತದೆ. ಅದರಲ್ಲಿ ಕೊಬ್ಬು ಮತ್ತು ಪ್ರೋಟೀನು ಹೇರಳ. ಇದಕ್ಕೆ ಪ್ರಚೋದನೆ ಕೊಡುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು, ಹಸುವಿನ ಕೆಚ್ಚಲಲ್ಲಿ ಹಾಲು ತುಂಬಿಸುವುದೂ ಅದೇ. ಬೇರೆ ಕಾಳುತಿನ್ನುವ ಹಕ್ಕಿಗಳಲ್ಲಿ ಹೆಚ್ಚಿನವು ಮರಿಗಾಗಿ ಹುಳು ಹಿಡಿದು ತರಲೇಬೇಕು, ಇವಕ್ಕೆ ಆ ಹಂಗಿಲ್ಲ. ದಯವಿಟ್ಟು ಗೂಡಿನ ಹತ್ತಿರ ಪದೇ ಪದೇ ಹೋಗಬೇಡಿ, ನೀವು ನಡೆದ ಜಾಡನ್ನೇ ಕಾಗೆ ಮತ್ತು ಬೆಕ್ಕುಗಳು ಹಿಡಿಯುತ್ತವೆ.

ಪ್ರಶ್ನೆ: ಕಾಡಂಚಿನಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಯಿತು. ಹಜಾರಕ್ಕೆ ದೊಡ್ಡ ಗಾಜು ಹಾಕಿಸಿದ್ದೇವೆ. ಈವರೆಗೆ ನಾಲ್ಕು ಪಚ್ಚೆ ಬೆಳವಗಳು ಅದಕ್ಕೆ ಬಡಿದು ಸತ್ತಿವೆ. ಮೊನ್ನೆ ಸತ್ತದ್ದನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮಗಳು ಬಹಳ ಹೊತ್ತು ಅತ್ತಳು. ಉಪಾಯವೇನಾದರೂ ಇದೆಯೇ? (ಮಡಿಕೇರಿ)

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ನೋವಾಯಿತು. ಮಗಳಿಗೆ ಹೇಳಿ, ತಪ್ಪು ಹಕ್ಕಿಯದ್ದಲ್ಲ, ಬೇಕೆಂದು ಮಾಡಿದ ತಪ್ಪು ಮನೆಯವರದ್ದೂ ಅಲ್ಲ, ಆದರೆ ಇದನ್ನು ನಿಲ್ಲಿಸುವುದು ಮನೆಯವರ ಕೈಯಲ್ಲಿದೆ.

ಈ ಹಕ್ಕಿಯೇ ಹೆಚ್ಚಾಗಿ ಗಾಜಿಗೆ ಬಲಿಯಾಗಲು ಅದರ ಹಾರಾಟದ ರೀತಿಯೇ ಕಾರಣ. ಬೆದರಿದಾಗ ಅದು ಮೇಲಕ್ಕೇರುವುದಿಲ್ಲ. ನೆಲಕ್ಕೆ ಹತ್ತಿರವಾಗಿ, ಬಲು ವೇಗವಾಗಿ, ಎರಡು ಕಾಂಡಗಳ ನಡುವೆ ಎಲ್ಲಿ ಬೆಳಕಿನ ಕಂಡಿ ತೋರುತ್ತದೋ ಅಲ್ಲಿಗೆ ನುಗ್ಗುತ್ತದೆ. ಲಕ್ಷಾಂತರ ವರ್ಷಗಳಿಂದ ಕಾಡಿನಲ್ಲಿ ಅಂತಹ ಕಂಡಿಯೆಂದರೆ ದಾರಿ ಎಂದೇ ಅರ್ಥ. ನಿಮ್ಮ ಹಜಾರದ ಗಾಜಿನಲ್ಲಿ ಎದುರಿನ ಮರಗಳ ಪ್ರತಿಬಿಂಬವಿದೆ, ಆ ಮರಗಳ ನಡುವೆ ಕಂಡಿಯೂ ಇದೆ. ಸಿಂಗಪುರದಂತಹ ನಗರದಲ್ಲಿ ಕೂಡ ಕಟ್ಟಡಗಳಿಗೆ ಬಡಿದು ಸಾಯುವ ಸ್ಥಳೀಯ ಹಕ್ಕಿಗಳಲ್ಲಿ ಪಚ್ಚೆ ಬೆಳವ ಮುಂಚೂಣಿಯಲ್ಲಿದೆ. ಬಡಿದ ಜಾಗವನ್ನು ಓರೆಯಾಗಿ ನೋಡಿದ್ದೀರಾ? ಕೆಲವು ಸಲ ಗಾಜಿನ ಮೇಲೆ ಹಕ್ಕಿಯ ಇಡೀ ಆಕಾರ, ಬಿಚ್ಚಿದ ರೆಕ್ಕೆಯ ಒಂದೊಂದು ಗರಿಯ ಸಮೇತ, ಬಿಳಿ ಪುಡಿಯಲ್ಲಿ ಅಚ್ಚೊತ್ತಿರುತ್ತದೆ. ಪಾರಿವಾಳಗಳ ಮೈಮೇಲೆ ಪುಡಿಯಾಗಿ ಉದುರುವ ವಿಶೇಷ ಗರಿಗಳಿರುತ್ತವೆ, ನೀರು ಹಿಡಿಯದಂತೆ ಮೈ ಕಾಯುವ ಪುಡಿ ಅದು. ಆ ಅಚ್ಚನ್ನು ಒರೆಸುವ ಮೊದಲು ಅದು ಗಾಜಿನ ಯಾವ ಭಾಗದಲ್ಲಿದೆ ಎಂದು ಗುರುತು ಹಾಕಿಕೊಳ್ಳಿ, ಪರಿಹಾರ ಅಲ್ಲಿಂದಲೇ ಶುರುವಾಗಬೇಕು.

ಗಾಜಿನ ಹೊರಮೈಯಲ್ಲಿ, ಒಳಗಲ್ಲ, ಚುಕ್ಕೆ ಅಥವಾ ಗೆರೆಗಳನ್ನು ಇಡೀ ಗಾಜಿಗೆ ಹರಡಿ ಹಚ್ಚಬೇಕು. ಎರಡು ಗುರುತುಗಳ ನಡುವೆ 5 ಸೆಂಟಿಮೀಟರಿಗಿಂತ ಹೆಚ್ಚು ಜಾಗ ಇರಬಾರದು, ಏಕೆಂದರೆ ಅದಕ್ಕಿಂತ ಅಗಲವಾದ ಸಂದನ್ನು ಹಕ್ಕಿ ನುಸುಳುವ ದಾರಿಯೆಂದೇ ತಿಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಗಿಡುಗನ ಚಿತ್ರ ಒಂದನ್ನು ಮಧ್ಯಕ್ಕೆ ಅಂಟಿಸಿದರೆ ಪ್ರಯೋಜನವಿಲ್ಲ, ಹಕ್ಕಿ ಅದರ ಪಕ್ಕಕ್ಕೆ ಬಂದು ಬಡಿಯುತ್ತದೆ. ದುಡ್ಡು ಖರ್ಚು ಮಾಡುವುದು ಬೇಡವೆಂದರೆ ಹೊರಗಡೆ ಅಡಿಕೆ ತೋಟಕ್ಕೆ ಬಳಸುವ ನೆರಳುಬಲೆಯನ್ನೋ ಸೊಳ್ಳೆಬಲೆಯನ್ನೋ ಗಾಜಿನಿಂದ ಒಂದು ಗೇಣು ಮುಂದೆ ಬಿಗಿಯಾಗಿ ಕಟ್ಟಿ. ಅಂಗಳದಲ್ಲಿ ಕಾಳು ಚೆಲ್ಲುವ ಅಭ್ಯಾಸವಿದ್ದರೆ ಆ ಜಾಗವನ್ನು ಗಾಜಿನ ಎದುರಿನಿಂದ ಮನೆಯ ಇನ್ನೊಂದು ಬದಿಗೆ ಸಾಗಿಸಿ.

ಬಡಿದ ಹಕ್ಕಿಗೆ ಜೀವವಿದ್ದರೆ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಅದರಲ್ಲಿಟ್ಟು, ಮುಚ್ಚಿ, ಕತ್ತಲೆಯ ನಿಶ್ಶಬ್ದ ಜಾಗದಲ್ಲಿ ಒಂದೆರಡು ಗಂಟೆ ಬಿಡಿ. ಹಿಡಿಯುವಾಗ ಗರಿಗಳು ಕಂತೆಕಂತೆಯಾಗಿ ಕೈಗೆ ಬಂದರೆ ಗಾಬರಿಯಾಗಬೇಡಿ. ಪಾರಿವಾಳದ ಗರಿಗಳು ಸಡಿಲ, ಹಲ್ಲಿ ಬಾಲ ಬಿಟ್ಟುಕೊಡುವಂತೆ ಅವು ಶತ್ರುವಿನ ಬಾಯಿಗೆ ಗರಿ ಬಿಟ್ಟುಕೊಟ್ಟು ಪಾರಾಗುತ್ತವೆ. ಪೆಟ್ಟಿಗೆಯಲ್ಲಿ ಓಡಾಡುವ ಸದ್ದು ಕೇಳಿದಾಗ ಕಾಡಿನ ಕಡೆಗೆ ಮುಖಮಾಡಿ ಮುಚ್ಚಳ ತೆರೆಯಿರಿ.

ಪ್ರಶ್ನೆ: ಮರಿಯೊಂದು ಸಿಕ್ಕಿದರೆ ಸಾಕಬಹುದೇ? (ಚಿಕ್ಕಮಗಳೂರು)

ಉತ್ತರ: ಸಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು ಎಲ್ಲವೂ ಅಪರಾಧ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ತಮಿಳುನಾಡಿನವರು ಇದನ್ನು ರಾಜ್ಯಪಕ್ಷಿ ಮಾಡಿಕೊಂಡಿದ್ದಾರೆಂಬುದು ನಿಜವೇ? (ಚಾಮರಾಜನಗರ)

ಉತ್ತರ: ನಿಜ. ಅವರು ಮರಗದ ಪುರಾ, ಅಂದರೆ ಮರಕತದ ಪಾರಿವಾಳ ಎನ್ನುತ್ತಾರೆ. ನಮ್ಮ ರಾಜ್ಯಪಕ್ಷಿ ನೀಲಕಂಠ. ನಿಮ್ಮದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಎರಡನ್ನೂ ನೋಡುವ ಭಾಗ್ಯ ನಿಮಗಿದೆ.

ಪ್ರಶ್ನೆ: ನೆಲದ ಮೇಲೆ ಬದುಕುವ ಪಾರಿವಾಳ ಇದೊಂದೇ, ಅಥವಾ ಬೇರೆ ದೇಶದ ಕಾಡುಗಳಲ್ಲಿಯೂ ಇವೆಯೇ? (ಧಾರವಾಡ)

ಉತ್ತರ: ಉಷ್ಣವಲಯದ ಕಾಡಿರುವ ಕಡೆಯಲ್ಲೆಲ್ಲ ಈ ಕುಲ ಒಂದಲ್ಲ ಒಂದು ರೂಪದಲ್ಲಿ ನೆಲಕ್ಕಿಳಿದಿದೆ. ನಮ್ಮ ಪಚ್ಚೆ ಬೆಳವದ್ದೇ ಹರವು ದೊಡ್ಡದು. ಶ್ರೀಲಂಕಾ, ಅಂಡಮಾನ್ ಮತ್ತು ನಿಕೋಬಾರ್, ಮ್ಯಾನ್ಮಾರ್, ಮಲೇಷ್ಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ತೈವಾನ್‌ವರೆಗೂ ಅದಿದೆ. ಆಸ್ಟ್ರೇಲಿಯಾದ ಪಚ್ಚೆ ಬೆಳವವನ್ನು ಮೊದಲು ಇದೇ ಜಾತಿ ಎನ್ನುತ್ತಿದ್ದರು, ಅದರ ಗಂಡಿಗೆ ಬೂದು ನೆತ್ತಿಯೂ ಬಿಳಿ ಹುಬ್ಬೂ ಇಲ್ಲದಿರುವುದೇ ಮೊದಲಾದ ಕಾರಣಗಳಿಂದ ಈಗ ಬೇರೆ ಜಾತಿಯೆಂದು ಎಣಿಸುತ್ತಾರೆ. ಮೆಕ್ಸಿಕೊದಿಂದ ಅರ್ಜೆಂಟೀನದವರೆಗಿನ ಕಾಡುಗಳಲ್ಲಿ ಕ್ವೇಲ್ ಡವ್ ಎಂಬ, ಬುರ್ಲಿ ಹಕ್ಕಿಯಂತೆ ದುಂಡಗಿರುವ ಬೆಳವಗಳು ಇದೇ ರೀತಿ ದರಗಿನ ಮೇಲೆ ನಡೆದಾಡುತ್ತವೆ. ಫಿಲಿಪ್ಪೀನ್ಸ್‌ನ ಲೂಜಾನ್ ದ್ವೀಪದ ಒಂದು ಬೆಳವಕ್ಕೆ ಬಿಳಿ ಎದೆಯ ನಡುವೆ ಗಾಯವಾದಂತಹ ಕೆಂಪು ಕಲೆಯಿದೆ. ನ್ಯೂಗಿನಿಯ ಕಾಡಿನಲ್ಲಿ ನೆತ್ತಿಗೆ ಜಾಲರಿಯಂತಹ ನೀಲಿ ಕಿರೀಟ ಹೊತ್ತು, ಎರಡು ಕಿಲೋಗೂ ಮೀರಿ ತೂಗುವ ಪಾರಿವಾಳಗಳು ನೆಲದ ಮೇಲೆ ಗಂಭೀರವಾಗಿ ಹೆಜ್ಜೆಯಿಡುತ್ತವೆ.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಎರಡು ಹಕ್ಕಿಗಳ ಬಳಿ. ಒಂದು ನಮ್ಮ ದೇಶದ್ದೇ ಆದ ನಿಕೋಬಾರ್ ಪಾರಿವಾಳ. ಹಗಲೆಲ್ಲ ದ್ವೀಪದ ಕಾಡಿನ ನೆಲದಲ್ಲಿ ಬೀಜ ಹೆಕ್ಕುವ, ಕತ್ತಿನ ಸುತ್ತ ಹುಂಜದಂತೆ ಉದ್ದನೆಯ ಹೊಳೆಯುವ ಗರಿಗಳಿರುವ, ಬಾಲ ಮಾತ್ರ ಅಚ್ಚ ಬಿಳಿಯಾದ ಹಕ್ಕಿ ಅದು. 2002ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನವು ಮಾರಿಷಸ್ಸಿನ ಡೋಡೋ ಹಕ್ಕಿಗೆ ಇಂದು ಬದುಕಿರುವವರಲ್ಲಿ ಅತಿ ಹತ್ತಿರದ ಬಂಧು ಇದೇ ಎಂದು ತೋರಿಸಿತು. ಡೋಡೋ ಎಂದರೆ ನೆಲಕ್ಕಿಳಿದು, ಶತ್ರುಗಳಿಲ್ಲದ ದ್ವೀಪದಲ್ಲಿ ರೆಕ್ಕೆಯ ಹಂಗನ್ನೇ ಬಿಟ್ಟ ಒಂದು ಪಾರಿವಾಳ. ಹಡಗಿನ ಜನರು, ಅವರ ಜೊತೆ ಬಂದ ಹಂದಿ, ಇಲಿ, ಮಂಗಗಳ ಕೈಯಲ್ಲಿ 17ನೇ ಶತಮಾನ ಮುಗಿಯುವುದರೊಳಗೆ ಅದು ಇಲ್ಲವಾಯಿತು.

ಎರಡನೆಯದರ ಕತೆ ಸಮಾಧಾನ ಕೊಡುವಂಥದ್ದು. ಪಪುವಾ ನ್ಯೂಗಿನಿಯ ಫರ್ಗುಸನ್ ದ್ವೀಪದಲ್ಲಿ ಕೋಳಿಗಾತ್ರದ, ಕಪ್ಪು ಕುತ್ತಿಗೆಯ, ನೆಲದ ಮೇಲೆ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ನಡೆಯುವ ಒಂದು ಪಾರಿವಾಳ 1882ರಲ್ಲಿ ವಿಜ್ಞಾನಕ್ಕೆ ದೊರಕಿತ್ತು. ಅನಂತರ 140 ವರ್ಷ ಅದರ ದಾಖಲೆಯೇ ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸಂಶೋಧಕರ ತಂಡವೊಂದು ದ್ವೀಪದ ಬೇಟೆಗಾರರು ತೋರಿಸಿದ ದಿಣ್ಣೆಗಳ ಮೇಲೆ ಕ್ಯಾಮೆರಾಗಳನ್ನು ಕಟ್ಟಿತು. ಹೊರಡುವ ಗಳಿಗೆ ಹತ್ತಿರವಾದಾಗ ತೆಗೆದು ನೋಡಿದ ಚಿತ್ರಗಳಲ್ಲಿ ಆ ಹಕ್ಕಿ ಕಾಡಿನ ನೆಲದ ಮೇಲೆ ನಡೆದುಹೋಗುತ್ತಿತ್ತು. ಅಲ್ಲಿನ ಬೇಟೆಗಾರರಿಗೆ ಅದು ಎಂದೂ ಕಳೆದುಹೋಗಿರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು.

ಪ್ರಶ್ನೆ: ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ಬೆಟ್ಟದಿಂದ ದರಗು ಗುಡಿಸಿ ತರುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಇದರಿಂದ ಈ ಹಕ್ಕಿಗೆ ತೊಂದರೆಯಾಗುತ್ತದೆಯೇ? ಸಂಖ್ಯೆ ಕಡಿಮೆಯಾಗುತ್ತಿದೆಯೇ? (ಸಾಗರ)

ಉತ್ತರ: ಕೇಳಿದ್ದಕ್ಕೆ ನಿಮಗೆ ಋಣಿ. ಜಗತ್ತಿನ ಮಟ್ಟದಲ್ಲಿ ಇದು ಅಳಿವಿನಂಚಿನ ಹಕ್ಕಿಯಲ್ಲ, ಜೀವಿಗಳ ಅಳಿವಿನ ಅಪಾಯವನ್ನು ಗುರುತಿಸುವ ಜಾಗತಿಕ ಕೆಂಪುಪಟ್ಟಿಯಲ್ಲಿ ಕಡಿಮೆ ಆತಂಕದ ವರ್ಗದಲ್ಲೇ ಇದೆ. ಆದರೂ ಕಾಡು ಕರಗುತ್ತಿರುವುದರಿಂದ ಒಟ್ಟು ಸಂಖ್ಯೆ ಇಳಿಯುತ್ತಿದೆ ಎಂದೇ ಅಂದಾಜು. ಅದಕ್ಕೆ ಹೊಂದಿಕೊಳ್ಳುವ ಗುಣವಿದೆ. ನೆರಳಿರುವ ಕಾಫಿ ತೋಟ, ಅಡಿಕೆ ತೋಟ, ದೇವರಕಾಡುಗಳಲ್ಲಿ ಅದು ಚೆನ್ನಾಗಿಯೇ ಬದುಕುತ್ತದೆ. ಗುಡಿಸಿದ ದಾರಿಯ ಮೇಲೆ ಕಾಳು ಸುಲಭವಾಗಿ ಸಿಗುವುದರಿಂದ ಅಲ್ಲಿಗೆ ಬರುವುದೂ ನಿಜ.

ಆದರೆ ದರಗು ಎಂದರೆ ಬರೀ ಒಣಗಿದೆಲೆಯಲ್ಲ. ಉದುರಿದ ಬೀಜ ನಿಲ್ಲುವುದು ಅದರಲ್ಲಿ, ಹುಳು ಗೆದ್ದಲು ಇರುವುದು ಅದರಡಿಯಲ್ಲಿ, ಮುಂದೆ ಹಕ್ಕಿಗೆ ಅಡಗಲು ಪೊದೆಯಾಗುವ ಮೊಳಕೆ ತಲೆಯೆತ್ತುವುದೂ ಅದರ ತೇವದಲ್ಲೇ. ಇಡೀ ಬೆಟ್ಟವನ್ನು ಬೇಸಗೆಗೆ ಮೊದಲೇ ನೆಲ ಕಾಣುವಂತೆ ಬಳಿದು ತಂದರೆ ಮೇಲೆ ಮರವಿದ್ದರೂ ಕೆಳಗಿನ ಸಂಸಾರ ಉಳಿಯುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು. ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಎರಡು ಪಾಲನ್ನು ಮಾತ್ರ ಗುಡಿಸಿ, ಮೂರನೆಯದಕ್ಕೆ ಒಂದು ವರ್ಷ ಬಿಡುವು ಕೊಡಿ. ಗುಡಿಸುವ ಕಡೆಯಲ್ಲೂ ಹಳ್ಳದ ಎರಡು ಅಂಚುಗಳನ್ನು ಮುಟ್ಟದೆ ಬಿಡಿ. ಬೇಸಗೆಯಲ್ಲಿ ಈ ಹಕ್ಕಿಗಳು ನೀರಿಗೆ ಬರುವುದು ಅಲ್ಲಿಗೇ. ಸಂಜೆ ಐದರ ಹೊತ್ತಿಗೆ ಒಂದು ದಿನ ಅಲ್ಲಿ ಅಲುಗಾಡದೆ ಕುಳಿತು ನೋಡಿ. ಕೋಳಿಯಂತೆ ಗುಟುಕಿಗೊಮ್ಮೆ ತಲೆ ಎತ್ತದೆ, ಕೆಂಪು ಕೊಕ್ಕನ್ನು ನೀರಿನಲ್ಲಿ ಅದ್ದಿದಂತೆಯೇ ಇಟ್ಟು, ದನ ನೀರು ಕುಡಿದಂತೆ ಒಂದೇ ಸಮನೆ ಹೀರಿ, ನಡೆದುಕೊಂಡೇ ದರಗಿನೊಳಗೆ ಹಿಂದಿರುಗುತ್ತವೆ.